ಎಳ್ಳಮವಾಸ್ಯೆ ರಾತ್ರಿ ಭಜನೆ ಲೈವ್ ಯಾಕೆ ನಿಂತಿತು: ಜೇವರ್ಗಿ ಕಡೆಯ ಒಂದು ಊರಿನ ಪ್ರಕರಣ

ರಾತ್ರಿ 9 ಗಂಟೆ 50 ನಿಮಿಷಕ್ಕೆ ಪುಣೆಯಿಂದ ಕಾಕಾ ಫೋನ್ ಮಾಡಿದರು. "ತಮ್ಮಾ, ಪದ ನಡುವೇ ನಿಂತದ. ಅಲ್ಲಿ ಕರೆಂಟ್ ಹೋಗ್ಯಾದೇನು?"

ಕರೆಂಟ್ ಇತ್ತು. ಮಠದಲ್ಲಿ ಭಜನೆ ಜೋರಾಗಿಯೇ ನಡೆದಿತ್ತು. ಏಕತಾರಿ, ದಿಮ್ಮಡಿ, ತಾಳ, ಪೇಟಿ ಎಲ್ಲ ಇತ್ತು. ನನ್ನ ಲ್ಯಾಪ್‌ಟಾಪ್ ಪರದೆಯ ಮೇಲೂ ಚಿತ್ರ ಒಂದಿಷ್ಟೂ ತಡೆಯದೆ ಓಡುತ್ತಿತ್ತು. ಹಾಗಾಗಿ ನಾನು ಕಾಕಾಗೆ, ನಿಮ್ಮ ಕಡೆ ನೆಟ್ ಸ್ಲೋ ಇರಬೇಕು, ಒಮ್ಮೆ ಬಂದ್ ಮಾಡಿ ಮತ್ತೆ ಹಚ್ಚಿ ಅಂದೆ. ಅದು ತಪ್ಪು ಉತ್ತರ. ಆ ತಪ್ಪು ಉತ್ತರವನ್ನು ಅವತ್ತು ಇನ್ನೂ ಆರು ಜನರಿಗೆ ಹೇಳಿದೆ. ಈ ಬರಹ ಬರೆಯುತ್ತಿರುವುದು ಅದಕ್ಕೇ. ಮದುವೆ, ಜಾತ್ರೆ, ಪುರಾಣ, ಭಜನೆ ಅಂತ ನಮ್ಮ ಭಾಗದಲ್ಲಿ ಈಗ ಎಲ್ಲರೂ ಲೈವ್ ಹಚ್ಚುತ್ತಾರೆ, ಎಲ್ಲರದ್ದೂ ಇದೇ ರೀತಿ ನಡುವೆ ನಿಲ್ಲುತ್ತದೆ, ನಿಂತಾಗ ಎಲ್ಲರೂ ನೋಡುವವರ ನೆಟ್‌ಗೇ ಬೈಯುತ್ತಾರೆ.

ಮೊದಲು ಸಂದರ್ಭ ಹೇಳುತ್ತೇನೆ. ಊರು ಜೇವರ್ಗಿ ತಾಲೂಕಿನದು, ಕಲಬುರಗಿಯಿಂದ ಬಸ್ಸಿನಲ್ಲಿ ಒಂದೂವರೆ ತಾಸು. ಊರಿನ ಅರ್ಧದಷ್ಟು ಮನೆಗಳಿಂದ ಒಬ್ಬರಾದರೂ ಪುಣೆಯಲ್ಲೋ ಮುಂಬೈಯಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಿದ್ದಾರೆ. ನಮ್ಮಲ್ಲಿ ಎಳ್ಳಮವಾಸ್ಯೆ ಅಂದರೆ ದೀಪಾವಳಿಗಿಂತ ದೊಡ್ಡ ಹಬ್ಬ. ಹಗಲು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಅಂಬಲಿ ಉಂಡು ಬರುತ್ತಾರೆ. ರಾತ್ರಿ ಮಠದಲ್ಲಿ ತತ್ವಪದ, ಬೆಳಗಿನ ತನಕ. ಹಬ್ಬಕ್ಕೆ ಬರಲಾಗದವರಿಗೆ ಭಜನೆಯಾದರೂ ಕೇಳಿಸೋಣ ಅಂತ ಊರಿನ ಹಿರಿಯರು ಹೇಳಿದರು. ನಾನು ಕಲಬುರಗಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವವನು, ನಾಲ್ಕೈದು ಮದುವೆ ಲೈವ್ ಮಾಡಿದ ಅನುಭವ ಇತ್ತು. ಒಪ್ಪಿಕೊಂಡೆ.

ಸಾಮಾನು ಇಷ್ಟೇ. ಒಂದು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್, ಅದರಲ್ಲಿ ಲೈವ್ ಕಳಿಸಲು ಓಬಿಎಸ್ ಅನ್ನುವ ಉಚಿತ ಸಾಫ್ಟ್‌ವೇರ್, ನೆಟ್‌ಗೆ ನನ್ನ ಫೋನಿನ ಹಾಟ್‌ಸ್ಪಾಟ್, ಹೋಗಿ ಸೇರುವುದು ಯೂಟ್ಯೂಬ್ ಚಾನೆಲ್‌ಗೆ. ನಾಲ್ಕು ದಿನ ಮೊದಲೇ ಊರಿಗೆ ಹೋಗಿ ಮಧ್ಯಾಹ್ನ ಮಠದ ಮುಂದೆ ನಿಂತು ಸ್ಪೀಡ್ ಟೆಸ್ಟ್ ಮಾಡಿದ್ದೆ. ಡೌನ್‌ಲೋಡ್, ಅಂದರೆ ನಮಗೆ ಬರುವ ವೇಗ, 24 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಅಪ್‌ಲೋಡ್, ಅಂದರೆ ನಮ್ಮಿಂದ ಹೋಗುವ ವೇಗ, 7. ಸಾಕಲ್ಲವಾ ಅಂದುಕೊಂಡು ಚಿತ್ರಕ್ಕೆ 1080 ಗುಣಮಟ್ಟ (ಈ ಅಂಕಿ ದೊಡ್ಡದಾದಷ್ಟೂ ಚಿತ್ರ ತಿಳಿ), 4500 ಕೆಬಿಪಿಎಸ್ ಇಟ್ಟೆ. ಸಾವಿರ ಕೆಬಿಪಿಎಸ್ ಅಂದರೆ ಒಂದು ಎಂಬಿಪಿಎಸ್.

9 ಗಂಟೆಗೆ ಶುರು. 10 ನಿಮಿಷದಲ್ಲಿ 140 ಜನ ಸೇರಿದರು. 9.20ಕ್ಕೆ ಮೊದಲ ಮೆಸೇಜ್, ಸುತ್ತುತ್ತಿದೆ ಅಂತ. ಆಮೇಲೆ ಕಾಕಾ ಫೋನು. ಹತ್ತು ಗಂಟೆ ಹೊತ್ತಿಗೆ ವಾಟ್ಸಾಪ್ ಗ್ರೂಪ್‌ನಲ್ಲಿ ಒಂದೇ ಗಲಾಟೆ. ಒಬ್ಬ ಮಾಮಾ ಬೆಂಗಳೂರಿನಿಂದ ವಾಯ್ಸ್ ಮೆಸೇಜ್ ಹಾಕಿದ್ದರು: "ಮಂದಿ ಭಾಳ ಆಗ್ಯಾರ, ಅದಕ್ಕೇ ನಿಂದ್ರಲಕತ್ತದ. ಅರ್ಧ ಮಂದಿ ಬಂದ್ ಮಾಡ್ರಿ, ಉಳಿದವರಿಗೆ ಬರ್ತದ." ಪಾಪ, ಐದಾರು ಜನ ಅವರ ಮಾತು ಕೇಳಿ ನಿಜವಾಗಲೂ ಬಂದ್ ಮಾಡಿದರು. ಊರಿನ ಭಜನೆ ಬೇರೆಯವರಿಗಾದರೂ ಕೇಳಲಿ ಅಂತ ತಾವು ಬಿಟ್ಟುಕೊಟ್ಟರು. ಅದು ನನಗೆ ಇವತ್ತಿಗೂ ಬೇಜಾರು, ಯಾಕೆಂದರೆ ಅದರಿಂದ ಯಾರಿಗೂ ಒಂದು ಪೈಸೆ ಉಪಯೋಗ ಇರಲಿಲ್ಲ.

ಯಾಕೆ ಇರಲಿಲ್ಲ ಅನ್ನುವುದು ತಿಳಿಯಬೇಕಾದರೆ ಮಠದಿಂದ ಪುಣೆ ತನಕ ಭಜನೆ ಹೋಗುವ ದಾರಿ ಗೊತ್ತಿರಬೇಕು.

ಕ್ಯಾಮೆರಾ ಹಿಡಿದ ಚಿತ್ರವನ್ನು ಹಾಗೆಯೇ ಕಳಿಸಲು ಆಗುವುದಿಲ್ಲ. 1080 ಗುಣಮಟ್ಟದ ಚಿತ್ರ, ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ), ಏನೂ ಕುಗ್ಗಿಸದೆ ಕಳಿಸಿದರೆ ಸೆಕೆಂಡಿಗೆ ಸುಮಾರು 746 ಮೆಗಾಬಿಟ್ ಆಗುತ್ತದೆ. ನಮ್ಮ ಊರು ಬಿಡಿ, ಕಲಬುರಗಿ ಪೇಟೆಯ ಮನೆಗಳಲ್ಲೂ ಅಷ್ಟು ಅಪ್‌ಲೋಡ್ ಸಿಗುವುದು ಕಷ್ಟ. ಅದಕ್ಕೆ ಲ್ಯಾಪ್‌ಟಾಪ್ ಅದನ್ನು ಕುಗ್ಗಿಸುತ್ತದೆ. 2003ರಲ್ಲಿ ಬಂದ ಎಚ್.264 ಅನ್ನುವ ಪದ್ಧತಿ ಇವತ್ತಿಗೂ ಈ ಕೆಲಸದಲ್ಲಿ ಮುಂದೆ ಇದೆ. ಅದು ಮಾಡುವುದು ಸರಳ. ಒಂದು ಪೂರ್ತಿ ಚಿತ್ರ ಕಳಿಸುತ್ತದೆ, ಆಮೇಲೆ ಏನು ಬದಲಾಯಿತು ಅನ್ನುವುದನ್ನು ಮಾತ್ರ ಕಳಿಸುತ್ತದೆ. ಹಿಂದಿನ ಗೋಡೆ ಅಲ್ಲೇ ಇದೆ, ಹಾಡುವವರ ಕೈ ಮಾತ್ರ ಅಲ್ಲಾಡಿತು ಅಂದರೆ ಕೈಯಷ್ಟೇ ಹೋಗುತ್ತದೆ. ಎರಡು ಸೆಕೆಂಡಿಗೊಮ್ಮೆ ಮತ್ತೆ ಪೂರ್ತಿ ಚಿತ್ರ. ಹೀಗೆ 746 ಇದ್ದದ್ದು ನಾಲ್ಕೂವರೆಗೆ ಇಳಿಯುತ್ತದೆ.

ಆ ಕುಗ್ಗಿದ್ದು ಫೋನಿಗೆ, ಫೋನಿನಿಂದ ಟವರ್‌ಗೆ, ಟವರ್‌ನಿಂದ ಯೂಟ್ಯೂಬ್ ಸರ್ವರ್‌ಗೆ ಹೋಗುತ್ತದೆ. ಒಂದೇ ಒಂದು ಪ್ರತಿ. ನೋಡುವವರು 14 ಇರಲಿ, 14 ಸಾವಿರ ಇರಲಿ, ಮಠದಿಂದ ಹೊರಡುವುದು ಒಂದೇ ಪ್ರತಿ. ಸರ್ವರ್ ಅದನ್ನು ತೆಗೆದುಕೊಂಡು ಬೇರೆ ಬೇರೆ ಗುಣಮಟ್ಟಕ್ಕೆ ಇಳಿಸುತ್ತದೆ, 720, 480, 360, 240, 144 ಹೀಗೆ. ಪ್ರತಿಯೊಂದನ್ನೂ ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತದೆ. ಆ ತುಂಡುಗಳ ಪ್ರತಿಗಳು ದೊಡ್ಡ ಊರುಗಳಲ್ಲಿರುವ ಬೇರೆ ಸರ್ವರ್‌ಗಳಿಗೆ ಹೋಗಿ ಕೂರುತ್ತವೆ. ಪುಣೆಯ ಫೋನು ತನಗೆ ಹತ್ತಿರ ಇರುವ ಸರ್ವರ್‌ನಿಂದ ಒಂದೊಂದೇ ತುಂಡು ತರಿಸಿಕೊಂಡು ಜೋಡಿಸಿ ತೋರಿಸುತ್ತದೆ. ನೆಟ್ ಚೆನ್ನಾಗಿದ್ದರೆ ಮುಂದಿನ ತುಂಡು 720ರದ್ದು ಕೇಳುತ್ತದೆ, ಕೆಟ್ಟಿದ್ದರೆ 240ರದ್ದು. ನಾವು ನೋಡುತ್ತಿರುವಾಗ ಚಿತ್ರ ಒಮ್ಮೆಲೇ ಮಬ್ಬಾಗಿ ಆಮೇಲೆ ತಿಳಿಯಾಗುತ್ತದಲ್ಲ, ಅದು ಇದೇ.

ಹಿಂದೆ ಹೀಗಿರಲಿಲ್ಲ. ಒಬ್ಬೊಬ್ಬ ನೋಡುಗನಿಗೂ ಸರ್ವರ್ ಒಂದೊಂದು ದಾರಿ ತೆರೆದು ಹಿಡಿದುಕೊಂಡು ಕೂರಬೇಕಿತ್ತು, ಅದಕ್ಕೆ ಬೇರೆಯದೇ ಸರ್ವರ್ ಸಾಫ್ಟ್‌ವೇರ್ ಬೇಕಿತ್ತು, ಆಗ ಜನ ಜಾಸ್ತಿ ಆದರೆ ನಿಜಕ್ಕೂ ಕುಸಿಯುತ್ತಿತ್ತು. 2009ರಲ್ಲಿ ಆಪಲ್ ಎಚ್‌ಎಲ್‌ಎಸ್ ಅಂತ ತಂದಿತು. ಹಾಡನ್ನು ಸಣ್ಣ ಸಣ್ಣ ಫೈಲ್ ಮಾಡಿ, ಸಾಮಾನ್ಯ ವೆಬ್ ಪುಟ ಹೇಗೆ ಬರುತ್ತದೋ ಹಾಗೇ ತರಿಸಿಕೊಳ್ಳುವುದು. 2012ರಲ್ಲಿ ಡ್ಯಾಶ್ ಅನ್ನುವ ಇನ್ನೊಂದು ಪದ್ಧತಿ ಅಂತರರಾಷ್ಟ್ರೀಯ ಗುಣಮಟ್ಟವಾಗಿ ಬಂತು, ಕೆಲಸ ಹೆಚ್ಚುಕಡಿಮೆ ಅದೇ. ಸಣ್ಣ ಫೈಲ್ ಆದ್ದರಿಂದ ಯಾವ ಸರ್ವರ್ ಬೇಕಾದರೂ ಒಂದು ಪ್ರತಿ ಇಟ್ಟುಕೊಂಡು ಸಾವಿರ ಜನಕ್ಕೆ ಹಂಚಬಹುದು. ಮಾಮಾ ಹೇಳಿದ ಮಾತು ಹಳೆಯ ಕಾಲಕ್ಕೆ ಸರಿ ಇತ್ತು. ಈಗ 140 ಜನ ಅನ್ನುವುದು ಲೆಕ್ಕಕ್ಕೇ ಇಲ್ಲ.

ಹಾಗಾದರೆ ನಿಂತದ್ದು ಎಲ್ಲಿ?

ಸುಳಿವು ಕೊಟ್ಟವರು ಕಾಕಾನೇ. ಎರಡನೇ ಸಲ ಫೋನ್ ಮಾಡಿ ಹೇಳಿದರು: "ನಮ್ಮ ಮನ್ಯಾಗ ನೆಟ್ ಭಾಳ ಫಾಸ್ಟ್ ಅದಪಾ. ಹುಡುಗ ಬಾಜೂಕ ಸಿನಿಮಾ ನೋಡ್ಲಕತ್ತಾನ, ಅದು ನಿಂದ್ರವಲ್ದು." ಆಗ ನನಗೆ ಅನುಮಾನ ಬಂತು. ಗ್ರೂಪ್‌ನಲ್ಲಿ ಒಂದು ಪ್ರಶ್ನೆ ಹಾಕಿದೆ. ಯಾವ ಪದ, ಯಾವ ಸಾಲಿನಲ್ಲಿ ನಿಂತಿತು, ಅಷ್ಟು ಹೇಳಿ ಅಂತ. ಪುಣೆ, ಬೆಂಗಳೂರು, ಹೈದರಾಬಾದ್, ಶಾರ್ಜಾದಲ್ಲಿರುವ ಒಬ್ಬ ಹುಡುಗ, ಎಲ್ಲರೂ ಒಂದೇ ಸಾಲು ಹೇಳಿದರು. ಬೇರೆ ಬೇರೆ ಊರು, ಬೇರೆ ಬೇರೆ ಕಂಪನಿ ನೆಟ್, ಆದರೆ ಪದದ ಒಂದೇ ಜಾಗದಲ್ಲಿ ನಿಂತಿದೆ.

ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಇನ್ನೂ ಸಿಕ್ಕಿಲ್ಲ, ಯಾವ ಸಾಧನವೂ ಬೇಡ ಇದಕ್ಕೆ. ಎಲ್ಲರಿಗೂ ಒಂದೇ ಜಾಗದಲ್ಲಿ ನಿಂತರೆ ತೊಂದರೆ ಕಳಿಸುವ ಕಡೆ ಇದೆ. ಒಬ್ಬರಿಗೋ ಇಬ್ಬರಿಗೋ ನಿಂತು ಉಳಿದವರಿಗೆ ಓಡುತ್ತಿದ್ದರೆ ಅದು ಅವರ ಕಡೆಯದ್ದು.

ಓಬಿಎಸ್ ಪರದೆಯ ಕೆಳಗಡೆ ಒಂದು ಪಟ್ಟಿ ಇರುತ್ತದೆ, ಎಷ್ಟು ಫ್ರೇಮ್ ಕಳಿಸಲಾಗದೆ ಬಿಟ್ಟೆ ಅಂತ ಅದು ಹೇಳುತ್ತದೆ. ಅವತ್ತು ಅದನ್ನು ನಾನು ನೋಡೇ ಇರಲಿಲ್ಲ. ನೋಡಿದಾಗ 38 ಶೇಕಡಾ ಇತ್ತು, ಪಕ್ಕದ ಚೌಕ ಕೆಂಪಾಗಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಓಡುತ್ತಿತ್ತಲ್ಲ ಅಂದರೆ, ಅದು ಕ್ಯಾಮೆರಾದಿಂದ ಬಂದದ್ದನ್ನು ಅಲ್ಲೇ ತೋರಿಸುವ ಚಿತ್ರ. ನೆಟ್ ಪೂರ್ತಿ ಸತ್ತರೂ ಅದು ಓಡುತ್ತಲೇ ಇರುತ್ತದೆ. ಹೊರಗೆ ಏನು ಹೋಗುತ್ತಿದೆ ಅನ್ನುವುದನ್ನು ಅದು ಹೇಳುವುದೇ ಇಲ್ಲ. ಲೈವ್ ಮಾಡುವವರು ಇನ್ನೊಂದು ಫೋನು, ಅದೂ ಬೇರೆ ಸಿಮ್ ಇರುವ ಫೋನು ತೆಗೆದುಕೊಂಡು ಊರವರಂತೆ ತಾವೂ ನೋಡುತ್ತಾ ಇರಬೇಕು.

10.05ಕ್ಕೆ ಲೈವ್ ನಿಲ್ಲಿಸಿದೆ. ಸ್ಪೀಡ್ ಟೆಸ್ಟ್ ಲೈವ್ ನಡೆದಾಗ ಮಾಡಬಾರದು, ಇದ್ದ ಸ್ವಲ್ಪ ದಾರಿಯನ್ನೂ ಅದೇ ತಿಂದುಬಿಡುತ್ತದೆ. ನಿಲ್ಲಿಸಿ ಮಾಡಿದೆ. ಡೌನ್‌ಲೋಡ್ 9, ಅಪ್‌ಲೋಡ್ 0.8. ಎಂಟು ನೂರು ಕೆಬಿಪಿಎಸ್ ದಾರಿಯಲ್ಲಿ ನಾಲ್ಕೂವರೆ ಸಾವಿರ ನುಗ್ಗಿಸುತ್ತಿದ್ದೆ.

ನಾಲ್ಕು ದಿನದ ಹಿಂದೆ 7 ಇದ್ದದ್ದು 0.8 ಯಾಕಾಯಿತು? ಇಲ್ಲಿ ಎರಡು ಕಾರಣ ಸೇರಿಕೊಂಡಿದ್ದವು.

ಒಂದು, ಹಬ್ಬ. ಅವತ್ತು ಊರಿನಲ್ಲಿ ಯಾವತ್ತೂ ಇಲ್ಲದಷ್ಟು ಜನ. ಕಲಬುರಗಿಯಿಂದ, ಸೊಲ್ಲಾಪುರದಿಂದ ಕಾರು ಮಾಡಿಕೊಂಡು ಬಂದವರೆಲ್ಲ ಹಗಲೆಲ್ಲ ಹೊಲದಲ್ಲಿ ಫೋಟೋ, ವಿಡಿಯೋ ತೆಗೆದಿದ್ದಾರೆ. ರಾತ್ರಿ ಉಂಡು ಕೂತು ಎಲ್ಲರೂ ಅದನ್ನು ಸ್ಟೇಟಸ್‌ಗೆ ಹಾಕುತ್ತಿದ್ದಾರೆ, ಬಂಧುಗಳಿಗೆ ಕಳಿಸುತ್ತಿದ್ದಾರೆ. ಟವರ್‌ನ ದಾರಿ ಒಂದೇ, ಎಲ್ಲರೂ ಹಂಚಿಕೊಳ್ಳಬೇಕು. ಬಿಡುವಿನ ದಿನ ಮಧ್ಯಾಹ್ನ ಊರು ಖಾಲಿ ಇದ್ದಾಗ ಮಾಡಿದ ಟೆಸ್ಟ್ ಈ ರಾತ್ರಿಗೆ ಏನೂ ಹೇಳುವುದಿಲ್ಲ. ತೊರೆ ಬೇಸಿಗೆಯಲ್ಲಿ ದಾಟಿ ನೋಡಿ, ಶ್ರಾವಣದಲ್ಲಿ ಬಂಡಿ ಇಳಿಸಿದ ಹಾಗಾಯಿತು.

ಎರಡು, ಗೋಡೆ. ಟೆಸ್ಟ್ ಮಾಡಿದ್ದು ಮಠದ ಮುಂದೆ ಬಯಲಿನಲ್ಲಿ. ಲೈವ್ ಮಾಡಿದ್ದು ಒಳಗೆ. ಹಳೆ ಮಠ, ಎರಡಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಶಹಾಬಾದ್ ಕಲ್ಲಿನ ಹಾಸು. ಒಳಗೂ ಫೋನಿನಲ್ಲಿ ಮೂರು ಕಡ್ಡಿ ತೋರಿಸುತ್ತಿತ್ತು, ಅದನ್ನೇ ನಂಬಿದ್ದೆ. ಆದರೆ ಕಡ್ಡಿ ಹೇಳುವುದು ಟವರ್‌ನ ದನಿ ನಮಗೆ ಎಷ್ಟು ಕೇಳುತ್ತಿದೆ ಅಂತ. ನಮ್ಮ ದನಿ ಟವರ್‌ಗೆ ಎಷ್ಟು ಕೇಳುತ್ತಿದೆ ಅನ್ನುವುದು ಬೇರೆ ಮಾತು. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. 4ಜಿ ಫೋನಿಗೆ ಸಾಮಾನ್ಯವಾಗಿ 0.2 ವ್ಯಾಟ್‌ಗಿಂತ ಜಾಸ್ತಿ ಕೂಗಲು ಬರುವುದಿಲ್ಲ. ಧ್ವನಿವರ್ಧಕ ಹಚ್ಚಿಕೊಂಡು ಮಾತಾಡುವವರಿಗೆ ನಾವು ದೂರದಿಂದ ಬಾಯಲ್ಲಿ ಉತ್ತರ ಕೊಟ್ಟ ಹಾಗೆ. ಅದಲ್ಲದೆ ಕೆಲವು ಬ್ಯಾಂಡ್‌ಗಳಲ್ಲಿ (ಟವರ್ ಬಳಸುವ ತರಂಗಗಳ ಪಟ್ಟಿಗಳಲ್ಲಿ) ಬರುವುದಕ್ಕೂ ಹೋಗುವುದಕ್ಕೂ ಒಂದೇ ದಾರಿ, ಸಮಯ ಹಂಚಿ ಬಳಸುತ್ತಾರೆ, ಹೆಚ್ಚಿನ ಸಮಯ ಡೌನ್‌ಲೋಡ್‌ಗೇ ಕೊಟ್ಟಿರುತ್ತಾರೆ, ಯಾಕೆಂದರೆ ಜನ ಕಳಿಸುವುದಕ್ಕಿಂತ ನೋಡುವುದು ಜಾಸ್ತಿ. ಲೈವ್ ಮಾಡುವವನು ಮಾತ್ರ ಹೊಳೆಗೆ ಎದುರು ಈಜುವವನು.

ಇದರ ಮೇಲೆ ನಾನೇ ಮಾಡಿದ ಇನ್ನೊಂದು ತಪ್ಪು. ಲೈವ್ ತಡವಾಗದೆ ಬೇಗ ತಲುಪಲಿ ಅಂತ ತೀರಾ ಕಡಿಮೆ ಲೇಟೆನ್ಸಿ (ತಡ) ಆಯ್ಕೆ ಒತ್ತಿದ್ದೆ. ಇದನ್ನು ರೊಟ್ಟಿ ಲೆಕ್ಕದಲ್ಲಿ ಹೇಳಿದರೆ ಸುಲಭ. ದಾಸೋಹದಲ್ಲಿ ರೊಟ್ಟಿ ಬಡಿಯುವವರು ಬಡಿಯುತ್ತಲೇ ಇರುತ್ತಾರೆ, ಬಡಿಸುವವರ ಬುಟ್ಟಿಯಲ್ಲಿ ಯಾವಾಗಲೂ ಹತ್ತು ಹದಿನೈದು ರೊಟ್ಟಿ ಮುಂಗಡ ಇರುತ್ತವೆ. ಒಲೆ ಸ್ವಲ್ಪ ಹೊತ್ತು ಆರಿದರೂ ಪಂಕ್ತಿ ನಿಲ್ಲುವುದಿಲ್ಲ. ನೋಡುವವರ ಫೋನಿನಲ್ಲಿರುವ ಬಫರ್ ಅಂದರೆ ಆ ಬುಟ್ಟಿ. ತಡ ಕಡಿಮೆ ಮಾಡಿದರೆ ಬುಟ್ಟಿಯಲ್ಲಿ ಒಂದೋ ಎರಡೋ ರೊಟ್ಟಿ ಮಾತ್ರ ಉಳಿಯುತ್ತವೆ, ರೊಟ್ಟಿ ಬಿಸಿ ಇರುತ್ತದೆ ನಿಜ, ಆದರೆ ಒಲೆ ಒಂದು ಗಳಿಗೆ ತಡೆದರೆ ಎಲ್ಲರ ತಟ್ಟೆಯೂ ಖಾಲಿ. ನೋಡುವವರ ಜೊತೆ ಮಾತಾಡುತ್ತಾ ಮಾಡುವ ಕಾರ್ಯಕ್ರಮಕ್ಕೆ ಕಡಿಮೆ ತಡ ಬೇಕು. ರಾತ್ರಿಯೆಲ್ಲ ನಡೆಯುವ ಭಜನೆಗೆ ಅರ್ಧ ನಿಮಿಷ ತಡವಾದರೆ ಯಾರಿಗೇನು ನಷ್ಟ?

ಸರಿಪಡಿಸಲು ಶುರು ಮಾಡಿದಾಗ ಹಾಡುವ ಅಜ್ಜ ಒಬ್ಬರು ಬಂದು ಕೇಳಿದರು, ಏನು ತೊಂದರೆ ಅಂತ. ಚಿತ್ರ ಹೋಗುತ್ತಿಲ್ಲ ಅಂದೆ. ಅವರು ಹೇಳಿದ ಮಾತಿಗೆ ನನ್ನ ಇಡೀ ಯೋಚನೆ ತಿರುಗಿತು. "ಚಿತ್ರ ಬರಲಿ, ಬಿಡಲಿ. ಪದ ಕೇಳಸ್ರಿ, ಸಾಕು."

ಎಷ್ಟು ಸರಿಯಾದ ಮಾತು! ಚೆನ್ನಾಗಿ ಕೇಳುವ ಸ್ಟೀರಿಯೋ ದನಿಗೆ 128 ಕೆಬಿಪಿಎಸ್ ಸಾಕು. ನಾನು ಚಿತ್ರಕ್ಕೆ 4500 ಇಟ್ಟಿದ್ದೆ. ತತ್ವಪದ ಕೇಳುವವರಿಗೆ ಹಾಡುವವರ ರುಮಾಲಿನ ಅಂಚು ತಿಳಿಯಾಗಿ ಕಾಣಬೇಕಾಗಿಲ್ಲ. ಚಿತ್ರದ ಆಸೆಗೆ ದನಿಯನ್ನೂ ಕಳೆದುಕೊಂಡಿದ್ದೆ, ಯಾಕೆಂದರೆ ಎರಡೂ ಒಂದೇ ಗಾಡಿಯಲ್ಲಿ ಹೋಗುತ್ತವೆ. ಚಿತ್ರದ ಭಾರಕ್ಕೆ ಗಾಡಿ ಹುಗಿದರೆ ದನಿಯೂ ಅಲ್ಲೇ.

ಮೊದಲು ಫೋನನ್ನು ಮಾಳಿಗೆ ಮೇಲೆ ಇಟ್ಟೆ. ಟವರ್ ಇರುವ ದಿಕ್ಕಿಗೆ, ಒಂದು ಕೋಲಿಗೆ ಚೀಲ ಕಟ್ಟಿ ಅದರಲ್ಲಿ. ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿತ್ತು, ಅದು ಕಲ್ಲು ದಾಟಿ ಕೆಳಗೆ ಬರಲಿಲ್ಲ, 2.4ಕ್ಕೆ ಬದಲಿಸಿದ ಮೇಲೆ ಕಿಟಕಿ ಪಕ್ಕ ಲ್ಯಾಪ್‌ಟಾಪ್‌ಗೆ ಸಿಕ್ಕಿತು. ಮೂರು ಸಲ ಅಳೆದೆ. ಅಪ್‌ಲೋಡ್ 2.1, 1.9, 2.4. ಎಲ್ಲಕ್ಕಿಂತ ಕಡಿಮೆಯದ್ದು ತೆಗೆದುಕೊಂಡು ಅದರ ಅರ್ಧ ಮಾತ್ರ ಬಳಸಬೇಕು ಅಂತ ತೀರ್ಮಾನಿಸಿದೆ. ಚಿತ್ರಕ್ಕೆ 800, ದನಿಗೆ 128, ಗುಣಮಟ್ಟ 480. ಅರ್ಧ ಖಾಲಿ ಬಿಡುವುದು ದಂಡ ಅಲ್ಲ. ಓಬಿಎಸ್‌ನಿಂದ ಸರ್ವರ್‌ಗೆ ಹೋಗುವ ಆರ್‌ಟಿಎಂಪಿ ಪದ್ಧತಿಯಲ್ಲಿ ದಾರಿಯಲ್ಲಿ ಕಳೆದದ್ದನ್ನು ಮತ್ತೆ ಕಳಿಸಲೇಬೇಕು. ಮತ್ತೆ ಕಳಿಸುವಾಗ ಹಿಂದಿನದು ಸಾಲುಗಟ್ಟುತ್ತದೆ, ಸಾಲು ಉದ್ದ ಆದರೆ ಓಬಿಎಸ್ ಫ್ರೇಮ್ ಬಿಸಾಕುತ್ತದೆ. ದಾರಿಯಲ್ಲಿ ಜಾಗ ಇದ್ದರೆ ಆ ಸಾಲು ಕರಗುತ್ತದೆ. ಅದೇ ಸಾಫ್ಟ್‌ವೇರ್‌ನಲ್ಲಿ ದಾರಿ ಕಿರಿದಾದಾಗ ತಾನೇ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಬಿಟ್ ಲೆಕ್ಕ) ಇಳಿಸುವ ಆಯ್ಕೆಯೂ ಇದೆ, ಅದನ್ನೂ ಹಚ್ಚಿದೆ.

ಆಮೇಲೆ ಕ್ಯಾಮೆರಾ. ಅದುವರೆಗೆ ನಮ್ಮ ಹುಡುಗನೊಬ್ಬ ಅದನ್ನು ಕೈಯಲ್ಲಿ ಹಿಡಿದು ಸುತ್ತುತ್ತಿದ್ದ. ಮದುವೆಯಲ್ಲಿ ಹಾಗೆ ಮಾಡಿ ರೂಢಿ. ಕೈ ಅಲ್ಲಾಡಿದರೆ ಗೋಡೆಯೂ ಅಲ್ಲಾಡಿದ ಲೆಕ್ಕ, ಪ್ರತಿ ಫ್ರೇಮಿನಲ್ಲೂ ಎಲ್ಲವೂ ಬದಲಾದ ಹಾಗೆ, ಇರುವ 800 ಅದಕ್ಕೇ ಖರ್ಚಾಗುತ್ತದೆ. ಸ್ಟ್ಯಾಂಡ್ ಮೇಲೆ ಇಟ್ಟು ಬಿಟ್ಟೆ. ಮಠದೊಳಗೆ ಒಂದೇ ಬಲ್ಬ್ ಇತ್ತು. ಕಡಿಮೆ ಬೆಳಕಿನಲ್ಲಿ ಕ್ಯಾಮೆರಾ ಚಿತ್ರದ ಮೇಲೆ ಮರಳು ಚೆಲ್ಲಿದ ಹಾಗೆ ಕಾಳು ಕಾಳು ಬರುತ್ತದೆ. ಆ ಕಾಳು ಪ್ರತಿ ಫ್ರೇಮಿಗೂ ಬದಲಾಗುತ್ತದೆ, ಅದನ್ನೂ ಬದಲಾವಣೆ ಅಂತಲೇ ಎಚ್.264 ಲೆಕ್ಕ ಹಾಕುತ್ತದೆ. ಇನ್ನೆರಡು ಬಲ್ಬ್ ಹಚ್ಚಿಸಿದೆವು. ನಂಬುತ್ತೀರೋ ಇಲ್ಲವೋ, ಈ 480ರ ಚಿತ್ರ ಮೊದಲಿನ 1080ಕ್ಕಿಂತ ಚೆನ್ನಾಗಿ ಕಂಡಿತು ಅಂತ ಆಮೇಲೆ ನಾಲ್ಕು ಜನ ಹೇಳಿದರು.

ತಡದ ಆಯ್ಕೆ ಬದಲಿಸಲು ಹೊಸ ಲೈವ್ ತೆರೆದೆ. ಇಲ್ಲಿ ಒಂದು ಪೆಟ್ಟು ಬಿತ್ತು. ಹೊಸ ಲೈವ್ ಅಂದರೆ ಹೊಸ ಲಿಂಕ್. ಹಳೆ ಲಿಂಕ್ ಹತ್ತಾರು ಗ್ರೂಪ್‌ಗಳಿಗೆ ಹೋಗಿಬಿಟ್ಟಿತ್ತು, ಹೊಸದು ನಮ್ಮ ಒಂದು ಗ್ರೂಪ್‌ಗೆ ಮಾತ್ರ ಹೋಯಿತು. 10.40ಕ್ಕೆ ಮತ್ತೆ ಶುರುವಾದಾಗ 140 ಇದ್ದವರು 47 ಆಗಿದ್ದರು. ಉಳಿದವರು ಹಳೆ ಲಿಂಕ್ ನೋಡಿ, ಮುಗಿದು ಹೋಗಿದೆ ಅಂದುಕೊಂಡು ಮಲಗಿದರು. ಗುಣಮಟ್ಟ, ಬಿಟ್‌ರೇಟ್ ಎಲ್ಲ ಸರಿ ಮಾಡಬಹುದು, ಹೋದ ಜನರನ್ನು ಆ ರಾತ್ರಿ ಮತ್ತೆ ಕರೆತರುವುದು ಆಗುವುದಿಲ್ಲ.

ಚಿತ್ರ ನಿಲ್ಲುವುದು ನಿಂತಿತು. ಆದರೆ ಕಾಕಾ ಮೂರನೇ ಸಲ ಫೋನ್ ಮಾಡಿದರು. "ಎಲ್ಲಾ ಛಂದ ಬರ್ಲಕತ್ತದ ತಮ್ಮಾ, ಖರೆ ಏಕತಾರಿ ಕೇಳಸವಲ್ದು. ಬಾರಸವಲ್ರೇನು?"

ಬಾರಿಸುತ್ತಿದ್ದರು. ನಾನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ, ನಿಜಕ್ಕೂ ಇರಲಿಲ್ಲ. ಕಾರಣ ಹುಡುಕಲು ಕಾಲು ಗಂಟೆ ಹಿಡಿಯಿತು. ಮದುವೆ ಲೈವ್‌ನಲ್ಲಿ ಫ್ಯಾನ್ ಸದ್ದು, ಜನರೇಟರ್ ಸದ್ದು ತೆಗೆಯಲು ಗದ್ದಲ ಕಳೆಯುವ ಫಿಲ್ಟರ್ ಹಚ್ಚಿಟ್ಟಿದ್ದೆ, ಅದು ಹಾಗೇ ಉಳಿದಿತ್ತು. ಅಂಥ ಫಿಲ್ಟರ್‌ಗೆ ಮನುಷ್ಯರ ಮಾತು ಉಳಿಸುವುದು ಗೊತ್ತು. ಒಂದೇ ಸಮ ಬರುವ ಸದ್ದು ಅಂದರೆ ಅದಕ್ಕೆ ಗದ್ದಲ. ಏಕತಾರಿಯ ತಂತಿ ಮಾಡುವುದೇ ಅದು, ಒಂದೇ ಸಮ ಒಂದೇ ಸ್ವರ ಹಿಡಿದು ಪದದ ಕೆಳಗೆ ನಿಲ್ಲುವುದು. ಫ್ಯಾನ್ ಅಂದುಕೊಂಡು ಅದನ್ನೇ ಒರೆಸಿ ಹಾಕಿತ್ತು. ಫಿಲ್ಟರ್ ತೆಗೆದೆ. ಅರ್ಧ ನಿಮಿಷ ಬಿಟ್ಟು ಕಾಕಾ ಮೆಸೇಜ್ ಹಾಕಿದರು: ಬಂತು. ಮೂರು ಅಕ್ಷರವೂ ಇಲ್ಲದ ಆ ಮೆಸೇಜ್ ನೋಡಿ ನನಗಾದ ಸಂತೋಷ ಹೇಳಲಾರೆ. ತತ್ವಪದದಿಂದ ಏಕತಾರಿ ತೆಗೆದರೆ ಉಳಿಯುವುದು ಬರೀ ಮಾತು.

ಇದಾದ ಮೇಲೂ ಎರಡು ಮೂರು ಜನ ಸುತ್ತುತ್ತಿದೆ ಅಂದರು. ಈ ಸಲ ಎಲ್ಲರಿಗೂ ಅಲ್ಲ, ಅವರಿಗೆ ಮಾತ್ರ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿರುವ ಹುಡುಗರು, ಶೆಡ್‌ನಲ್ಲಿ ಫೋನಿನಲ್ಲೇ ನೋಡುತ್ತಿದ್ದವರು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. ನಾನು ಮೊದಲು ಇಟ್ಟಿದ್ದ ಲೆಕ್ಕದಲ್ಲಿ 1080 ನೋಡಿದರೆ ತಾಸಿಗೆ 2 ಜಿಬಿಗಿಂತ ಜಾಸ್ತಿ ಬೇಕು, ಒಂದು ತಾಸಿನೊಳಗೇ ಪ್ಯಾಕ್ ಖಲಾಸ್. ಮುಗಿದ ಮೇಲೆ ಅವರ ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಅದರಲ್ಲಿ ನನ್ನ 128ರ ದನಿಯೂ ತೂರುವುದಿಲ್ಲ. ಬದಲಿಸಿದ ಲೆಕ್ಕದಲ್ಲಿ ತಾಸಿಗೆ ಸುಮಾರು 420 ಎಂಬಿ. 144ಕ್ಕೆ ಇಳಿಸಿಕೊಂಡರೆ ಇನ್ನೂ ಬಹಳ ಕಡಿಮೆ. ಗ್ರೂಪ್‌ನಲ್ಲಿ ಇದನ್ನು ಬರೆದೆ, ಗುಣಮಟ್ಟವನ್ನು 144ಕ್ಕೆ ಇಟ್ಟು ಕೇಳಿ ಅಂತ. ಕುತೂಹಲದ ಸಂಗತಿ ಅಂದರೆ 12 ಗಂಟೆ ದಾಟಿದ ಮೇಲೆ ನೋಡುವವರ ಸಂಖ್ಯೆ ಏರಿ 90ರ ಹತ್ತಿರ ಬಂತು. ಹೊಸ ದಿನದ ಡೇಟಾ ಸಿಕ್ಕಿತ್ತು. ನಾಳೆಯ ಡೇಟಾದಲ್ಲಿ ಇವತ್ತಿನ ಭಜನೆ ಕೇಳುತ್ತಿದ್ದ ಹುಡುಗರು ಅವರು, ಬೆಳಿಗ್ಗೆ ಎದ್ದು ಮತ್ತೆ ಕೆಲಸಕ್ಕೆ ಹೋಗಬೇಕಿದ್ದವರು.

ಎರಡನೇ ಸಲ: ಶಿವರಾತ್ರಿ

ಶಿವರಾತ್ರಿ ಜಾಗರಣೆಗೆ ಮತ್ತೆ ಕರೆದರು. ಈ ಸಲ ಟವರ್ ನಂಬುವುದು ಬೇಡ ಅಂದುಕೊಂಡೆ. ಮಠದಿಂದ 70 ಮೀಟರ್ ದೂರದ ಕಿರಾಣಿ ಅಂಗಡಿಗೆ ಕೇಬಲ್‌ನವರು ಫೈಬರ್ ಕೊಟ್ಟಿದ್ದಾರೆ. ಲ್ಯಾನ್ ಕೇಬಲ್ 100 ಮೀಟರ್ ತನಕ ಎಳೆಯಬಹುದು, ಅದಕ್ಕಿಂತ ಉದ್ದ ಆದರೆ ನಂಬಿಕೆ ಇಲ್ಲ. 80 ಮೀಟರ್ ತಂದು ಮನೆಗಳ ಮಾಳಿಗೆ ಮೇಲಿಂದ ಎಳೆದೆವು. ಅಪ್‌ಲೋಡ್ 28 ಬಂತು.

ಈ ಸಲ ಟ್ರಯಲ್ ಅನ್ನು ಎರಡು ದಿನ ಮೊದಲು ರಾತ್ರಿ 9ರಿಂದ 11ರ ತನಕ ಮಾಡಿದೆ, ಕಾರ್ಯಕ್ರಮ ನಡೆಯುವ ಹೊತ್ತಿಗೇ. ಸುಮ್ನೆ ಮಾಡಲಿಲ್ಲ ಅಂತ ಗೊತ್ತಾದದ್ದು 10 ಗಂಟೆಗೆ. ಒಮ್ಮೆಲೇ ನೆಟ್ ಪೂರ್ತಿ ಹೋಯಿತು. ಓಡಿ ಹೋಗಿ ನೋಡಿದರೆ ಅಂಗಡಿ ಮಾಮಾ ದಿನದಂತೆ ಬಾಗಿಲು ಹಾಕಿ ಮೇನ್ ಸ್ವಿಚ್ ಇಳಿಸಿ ಮನೆಗೆ ಹೋಗಿದ್ದರು. ಹಗಲು ಟ್ರಯಲ್ ಮಾಡಿದ್ದರೆ ಇದು ಶಿವರಾತ್ರಿ ರಾತ್ರಿಯೇ ತಿಳಿಯುತ್ತಿತ್ತು. ಅವರಿಗೆ ಹೇಳಿ ಫೈಬರ್ ಡಬ್ಬಿಗೆ ಬೇರೆ ಪ್ಲಗ್ ಕೊಡಿಸಿ, ಒಂದು ಸಣ್ಣ ಇನ್ವರ್ಟರ್ ಹಚ್ಚಿದೆವು.

ಅಪ್‌ಲೋಡ್ 28 ಇದ್ದರೂ 720ಕ್ಕಿಂತ ಮೇಲೆ ಹೋಗಲಿಲ್ಲ, 2500 ಕೆಬಿಪಿಎಸ್ ಇಟ್ಟೆ. ದನಿಯನ್ನು ಕ್ಯಾಮೆರಾ ಮೈಕ್ ಬಿಟ್ಟು ನೇರ ಆಂಪ್ಲಿಫೈಯರ್‌ನಿಂದ ವೈರ್ ಎಳೆದು ತೆಗೆದುಕೊಂಡೆ, ಏಕತಾರಿಯ ಹತ್ತಿರ ಬೇರೆ ಮೈಕ್. ತಡ ಸಾಮಾನ್ಯದ್ದು. ಲ್ಯಾಪ್‌ಟಾಪ್‌ನಲ್ಲೇ ಒಂದು ರೆಕಾರ್ಡಿಂಗ್ ಕೂಡ ಓಡುತ್ತಿತ್ತು, ನೆಟ್ ಹೋದರೂ ಭಜನೆ ಉಳಿಯಲಿ ಅಂತ. ಲಿಂಕ್ ಒಂದು ವಾರ ಮೊದಲೇ ಮಾಡಿ ಕಳಿಸಿದ್ದೆ, ಏನೇ ಆದರೂ ಅದೇ ಲಿಂಕ್‌ನಲ್ಲೇ ಮುಂದುವರಿಸಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ರಾತ್ರಿ 9ರಿಂದ ಬೆಳಿಗ್ಗೆ ಐದೂವರೆ ತನಕ ಬಿಟ್ಟ ಫ್ರೇಮ್ 0.1 ಶೇಕಡಾ.

ತಡದಿಂದ ಒಂದು ಸಣ್ಣ ಗೊಂದಲ ಮಾತ್ರ ಆಯಿತು. ಒಬ್ಬ ಅತ್ತಿ ಮುಂಬೈಯಿಂದ ಒಂದು ಪದ ಹಾಡಿಸು ಅಂತ ಫೋನ್‌ನಲ್ಲಿ ಕೇಳಿದರು. ಅಜ್ಜನಿಗೆ ಹೇಳಿದೆ, ಅವರು ಕೂಡಲೇ ಎತ್ತಿಕೊಂಡರು. ಅತ್ತಿಗೆ ಇನ್ನೂ ಹಳೆ ಪದವೇ ಕೇಳುತ್ತಿತ್ತು. "ಯಪ್ಪಾ, ನನ್ನ ಮಾತು ಹೇಳಲೇ ಇಲ್ಲಲ್ಲ" ಅಂತ ಮತ್ತೆ ಫೋನ್. ಮಾತಾಡುತ್ತಿರುವಾಗಲೇ ಅವರ ಕಡೆ ಆ ಪದ ಶುರುವಾಯಿತು, ಫೋನ್ ಇಟ್ಟುಬಿಟ್ಟರು. ತುಂಡು ಮಾಡಿ, ಹಂಚಿ, ಬುಟ್ಟಿಯಲ್ಲಿ ಮುಂಗಡ ಇಟ್ಟುಕೊಳ್ಳುವುದಕ್ಕೆ ಇಷ್ಟು ಹೊತ್ತು ಬೇಕೇ ಬೇಕು. ಅವತ್ತು ನಾನು ಗಡಿಯಾರ ಹಿಡಿದು ನೋಡಿದ್ದು 27 ಸೆಕೆಂಡ್.

ಇದೇ 27 ಸೆಕೆಂಡ್‌ನಿಂದ ಎಳ್ಳಮವಾಸ್ಯೆ ರಾತ್ರಿಯ ಇನ್ನೊಂದು ತಪ್ಪು ತಿಳಿಯಿತು. ಅವತ್ತು ಮಂಗಳಾರತಿ ಮುಗಿದ ಕೂಡಲೇ ನಾನು ಯೂಟ್ಯೂಬ್‌ನಲ್ಲಿ ಲೈವ್ ಮುಗಿಸುವ ಬಟನ್ ಒತ್ತಿದ್ದೆ. ಹೊರಗಿನವರಿಗೆ ಆಗಿನ್ನೂ ಆರತಿ ನಡೆದಿತ್ತು, ಅವರ ಪರದೆಯಲ್ಲಿ ಅರ್ಧಕ್ಕೇ ಮುಗಿಯಿತು. ಯಾರೂ ನನಗೆ ಹೇಳಲಿಲ್ಲ, ನಿಂತು ನಿಂತು ಬಂದ ರಾತ್ರಿಯಲ್ಲಿ ಅದೂ ಒಂದು ಅಂದುಕೊಂಡಿರಬೇಕು. ಶಿವರಾತ್ರಿಯಲ್ಲಿ ಆರತಿ ಮುಗಿದ ಮೇಲೂ ಕ್ಯಾಮೆರಾ ಹಾಗೇ ಬಿಟ್ಟೆ. ಹಾಡಿದವರು ಎದ್ದು ಹೊರಗೆ ಹೋದರು, ಯಾರೋ ತಾಳ ತೆಗೆದು ಗೂಟಕ್ಕೆ ಹಾಕಿದರು, ದೀಪ ಉರಿಯುತ್ತಿತ್ತು. ಒಂದೂವರೆ ನಿಮಿಷ ಎಣಿಸಿ ಬಟನ್ ಒತ್ತಿದೆ. ಅಷ್ಟರಲ್ಲಿ ಪುಣೆಯಿಂದ ಕಾಕಾ ಮೆಸೇಜ್ ಬಂದಿತ್ತು, ನಾವೂ ಇಲ್ಲಿ ಊದಿನಕಡ್ಡಿ ಬೆಳಗಿದೆವು ಅಂತ.